ಶೇಂಗಾ ಮಳಿಗೆಯ ಹೆಬ್ಬಾವು

ಕುರಿ ಕೊಳ್ಳಲು ಹೋದಾಗ ನಾನು ಮೊದಲು ಮಾಡುವ ಕೆಲಸ ಅದರ ತುಟಿ ಎತ್ತಿ ಹಲ್ಲು ನೋಡುವುದು. ಉಣ್ಣೆ ನೋಡಿ ಮೋಸ ಹೋಗಬಹುದು, ಮಾರುವವನ ಮಾತು ಕೇಳಿದರಂತೂ ಮೋಸ ಹೋಗಲೇಬೇಕು, ಆದರೆ ಹಲ್ಲಿಗೆ ಸುಳ್ಳು ಹೇಳಲು ಬರುವುದಿಲ್ಲ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿ ಮುಪ್ಪಿನ ಹಾದಿ ಹಿಡಿದದ್ದೋ ಎಂಬುದು ಹೆಬ್ಬೆರಳು ಒಳಗಿಟ್ಟ ಕೂಡಲೇ ತಿಳಿದುಹೋಗುತ್ತದೆ. ಈ ಒಂದು ವಿದ್ಯೆಯಿಂದ ರಾಂಪುರದ ಸುತ್ತಮುತ್ತ ನನಗೆ ಅಷ್ಟಿಷ್ಟು ಹೆಸರು ಬಂದಿತ್ತು. ಹೊಸದಾಗಿ ಕುರಿ ಕಟ್ಟುವವರು ಬಂದು, ಕಟ್ಟೆಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಊರಿನ ಸುದ್ದಿಯೆಲ್ಲ ಆದಮೇಲೆ ಕೇಳುತ್ತಿದ್ದದ್ದು ಒಂದೇ ಮಾತು: "ಅಜ್ಜಿ, ಮರಿ ತರ್ಲೋ, ಬೆಳೆದದ್ದೇ ತರ್ಲೋ?"

ಬೆಳೆದದ್ದೇ ತಾ ಅನ್ನುತ್ತಿದ್ದೆ. ಮರಿ ನೋಡಲು ಚೆಂದ, ಎತ್ತಿಕೊಂಡರೆ ಇನ್ನೂ ಚೆಂದ, ಹೊಸಬರ ಕೈಗೆ ಸಿಕ್ಕರೆ ಮಾತ್ರ ವಾರದೊಳಗೆ ಹೊಟ್ಟೆ ಉಬ್ಬಿ ಸಾಯುತ್ತದೆ. ಅದಕ್ಕೆ ಬದುಕುವುದು ಗೊತ್ತಿಲ್ಲ, ಸಾಕುವವನಿಗೆ ಬದುಕಿಸುವುದು ಗೊತ್ತಿಲ್ಲ. ಇಬ್ಬರೂ ಒಂದೇ ಇಸ್ಕೂಲಿನ ಒಂದನೇ ಕ್ಲಾಸು. ಎರಡು ಸಲ ಈದ ಕುರಿಯನ್ನು ತಂದು ನೋಡಿ, ಅದು ನಿಮಗೇ ಪಾಠ ಹೇಳುತ್ತದೆ. ಹೊತ್ತಿಗೆ ಮೇಯಲು ಬಿಡದಿದ್ದರೆ ಅರಚುತ್ತದೆ, ಕಲಗಚ್ಚು ಹುಳಿಯಾದರೆ ಮೂಸಿ ಮುಖ ತಿರುಗಿಸುತ್ತದೆ, ಸಾಯಂಕಾಲ ನೀವು ದಾರಿ ತಪ್ಪಿದರೂ ಅದು ತಪ್ಪದೆ ಹಟ್ಟಿಗೆ ಬಂದು ನಿಲ್ಲುತ್ತದೆ. ನಾನು ಮನುಷ್ಯರಿಂದ ಕಲಿತದ್ದಕ್ಕಿಂತ ಇಂಥ ಮುದಿ ಕುರಿಗಳಿಂದ ಬೈಸಿಕೊಂಡು ಕಲಿತದ್ದೇ ಹೆಚ್ಚು.

ಇದೇ ಪ್ರಶ್ನೆ ಹಾವಿನ ವಿಷಯದಲ್ಲೂ ನನ್ನ ಮುಂದೆ ಬಂದು ನಿಲ್ಲುತ್ತದೆ, ಅದರ ಉತ್ತರದ ಮೇಲೆ ನನ್ನ ಮೊಮ್ಮಗಳ ಮದುವೆಯೇ ತೂಗಾಡುತ್ತದೆ ಅಂತ ಯಾರಾದರೂ ಹೇಳಿದ್ದರೆ, ಅವರಿಗೆ ಬಿಸಿಲು ತಗುಲಿದೆ ಅಂದುಕೊಂಡು ಒಂದು ಚೆಂಬು ನೀರು ಕೊಡುತ್ತಿದ್ದೆ.

ಮೊಮ್ಮಗಳು ರತ್ನ. ಬಾಯಿ ಅಂದರೆ ಬಾಯಿ. ಚಳ್ಳಕೆರೆಯ ಹುಡುಗನೊಬ್ಬ, ತಿಪ್ಪೇಸ್ವಾಮಿ ಅಂತ, ಹಳ್ಳಿ ಹಳ್ಳಿ ತಿರುಗಿ ಶೇಂಗಾ ಕೊಂಡು ಎಣ್ಣೆ ಮಿಲ್ಲುಗಳಿಗೆ ಹಾಕುವವನು, ನಮ್ಮ ಕಣಕ್ಕೆ ತೂಕಕ್ಕೆ ಬಂದಿದ್ದಾಗ ಇವಳು ತಕ್ಕಡಿಯ ಮುಳ್ಳು ಸರಿಯಿಲ್ಲ ಅಂತ ಊರಿಗೆಲ್ಲ ಕೇಳುವ ಹಾಗೆ ಜಗಳ ತೆಗೆದಿದ್ದಳು. ಅವನು ಎದುರಾಡದೆ ತಕ್ಕಡಿ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿ ಮೊದಲಿಂದ ತೂಗಿದ. ಅಲ್ಲಿಗೆ ಇವಳ ಮನಸ್ಸು ಅವನ ಕಡೆ ವಾಲಿತು. ಬೈದಾಗ ಕೇಳಿಸಿಕೊಳ್ಳುವ ಗಂಡಸು ಈ ಸೀಮೆಯಲ್ಲಿ ಅಪರೂಪದ ಬೆಳೆ, ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಹೆಣ್ಣಿನ ಮನೆಯ ಹಿರಿಯರು ಹೋಗಿ ಗಂಡಿನ ಮನೆ ನೋಡಬೇಕು. ಮನೆ ಅಂದರೆ ಗೋಡೆ ಬಾಗಿಲು ಅಲ್ಲ, ಅದನ್ನು ನೋಡುವುದು ಮೇಸ್ತ್ರಿಯ ಕೆಲಸ. ನಾವು ನೋಡುವುದು ಆ ಮನೆಯ ಬಾಯಿಲ್ಲದ ಜೀವಗಳನ್ನು: ಎತ್ತಿನ ಹೆಗಲಲ್ಲಿ ಹುಣ್ಣು ಐತೋ, ನಾಯಿ ಮನೆಯವರನ್ನು ಕಂಡು ಬಾಲ ಆಡಿಸುತ್ತದೋ ಕಾಲಿನ ನಡುವೆ ಇಟ್ಟುಕೊಳ್ಳುತ್ತದೋ, ಕೋಳಿಗೆ ನೀರಿಟ್ಟಿದ್ದಾರೋ. ಮನುಷ್ಯರು ಆ ದಿನ ಹೊಸ ಬಟ್ಟೆ ಹಾಕಿ ನಗುತ್ತಾರೆ, ಎಮ್ಮೆ ನಗುವುದಿಲ್ಲ. ನೋಡಿ ಒಪ್ಪಿದರೆ ಅಲ್ಲೇ ಉಣ್ಣಬೇಕು. ಒಪ್ಪದಿದ್ದರೆ ನೀರು ಮಾತ್ರ ಕುಡಿದು ಏಳಬೇಕು. ಹಿಂದೆ ರತ್ನಳಿಗೆ ಬಂದ ಗಂಡುಗಳ ಮನೆಯಲ್ಲೆಲ್ಲ ನಾನು ನೀರು ಕುಡಿದೇ ಎದ್ದು ಬಂದಿದ್ದೆ. ಅದಕ್ಕೇ ಚಳ್ಳಕೆರೆ ಬಸ್ಸು ಹತ್ತಿಸುವಾಗ ಅವಳು ನನ್ನ ಸೆರಗು ಹಿಡಿದು, "ಅಜ್ಜೀ, ಈ ಸಲ ಹೊಟ್ಟೆ ಹಸಿದುಕೊಂಡು ಹೋಗು. ಸುಮ್ಮನೆ ಕುಂಟುನೆಪ ಹುಡುಕಿ ಬಂದೆ ಅಂದ್ರೆ ನಿನ್ನ ಕುರಿ ನೀನೇ ಕಾಯ್ಕೋ," ಅಂದಳು.

ಹುಡುಗನಿಗೆ ತಂದೆ ಇಲ್ಲ, ತಾಯಿ ಗೌರಮ್ಮ ಒಳ್ಳೆ ಹೆಂಗಸು. ಹೋಳಿಗೆಯ ವಾಸನೆ ಬೀದಿಗೇ ಬರುತ್ತಿತ್ತು. ನಾನು ಮಾತ್ರ ಹಿತ್ತಲಿಗೆ ಹೋಗಿ ನೋಡಿದೆ. ಎಮ್ಮೆ ಇಲ್ಲ, ಕೋಳಿ ಇಲ್ಲ, ಬೆಕ್ಕೂ ಇಲ್ಲ.

"ಪ್ಯಾಟೆ ಮನಿ, ದೊಡ್ಡಮ್ಮ," ಅಂದಳು ಗೌರಮ್ಮ. "ಜಾಗ ಎಲ್ಲೈತೆ?"

"ಒಂದು ಜೀವಾನೂ ಸಾಕಿಲ್ವಾ ಹಂಗಾದ್ರೆ? ನಾನು ಏನು ನೋಡ್ಲಿ?"

ಅವಳ ಕಣ್ಣು ಮನೆಗೆ ಅಂಟಿಕೊಂಡಿದ್ದ ಶೇಂಗಾ ಮಳಿಗೆಯ ಕಡೆ ಹೋಗಿ ಬಂತು. ಬಾಗಿಲಿಗೆ ಬೀಗ ಹಾಕಿತ್ತು. ಅಂಗಳದಲ್ಲಿ ಹರವಿದ ಶೇಂಗಾ ಕೆದಕುತ್ತಿದ್ದ ಹಮಾಲಿ ಸುಂಕಣ್ಣ, ಆಂಧ್ರದ ಗಡಿ ಕಡೆಯವನು, ಯಜಮಾನಿಗೆ ತಿಳಿಯದಿರಲಿ ಅಂತ ತೆಲುಗಿನಲ್ಲಿ ನನ್ನ ಕಿವಿಗೆ ಉಸುರಿದ: "ಅಮ್ಮಾ, ಲೋಪಲ ಪಾಮು ಉಂದಿ." ಒಳಗೆ ಹಾವೈತೆ. ಗೌರಮ್ಮನಿಗೂ ತೆಲುಗು ಚೆನ್ನಾಗಿ ಬರುತ್ತದೆ ಅನ್ನುವುದು ಅವಳು ಹಣೆ ಚಚ್ಚಿಕೊಂಡಾಗ ಅವನಿಗೆ ಗೊತ್ತಾಯಿತು.

ಬೀಗ ತೆಗೆಸಿದೆ. ಚೀಲಗಳ ಸಾಲಿನ ಹಿಂದೆ, ಮೂಲೆಯಲ್ಲಿ, ಹೊಸಾ ಕರಿಕಂಬಳಿ ಹೊದ್ದುಕೊಂಡು ಯಾರೋ ಮಲಗಿದ ಹಾಗಿತ್ತು. ಕಂಬಳಿಯ ಅಂಚು ನೋಡಿದೆ. ಮಾತುಕತೆ ಶುರುವಾದಾಗ ಹುಡುಗನಿಗೆ ಅಂತ ನಾನೇ ನೇಯಿಸಿ ಕಳಿಸಿದ ಕಂಬಳಿ. ಎತ್ತಿದರೆ ಕೆಳಗೆ ಹೆಬ್ಬಾವು, ನನ್ನ ತೊಡೆಯಷ್ಟು ದಪ್ಪ, ಮಡಚಿಟ್ಟ ಬಾವಿ ಹಗ್ಗದ ಹಾಗೆ ಸುತ್ತಿಕೊಂಡು, ನನ್ನ ಕಡೆ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ ಬಿದ್ದಿತ್ತು.

"ಲೇ ತಿಪ್ಪೇಸ್ವಾಮಿ!" ಅಂತ ಕೂಗಿದೆ. ಅಳಿಯನಾಗುವವನು, ಮರ್ಯಾದೆಯಿಂದ ಮಾತಾಡಬೇಕಿತ್ತು. ಕಂಬಳಿ ನೋಡಿದ ಮೇಲೆ ಆಗಲಿಲ್ಲ.

ಬಂದು ತಲೆ ತಗ್ಗಿಸಿ ನಿಂತ. ಕತೆ ಇಷ್ಟೇ. ಮಳಿಗೆ ತುಂಬ ಇಲಿ. ಯಾರದೋ ಬೆಕ್ಕು ಎರವಲು ತಂದ, ಹಮಾಲರೆಲ್ಲ ಸೇರಿ ಹಾಲು ಅನ್ನ ಹಾಕಿ ಅದನ್ನು ಜಮೀನ್ದಾರನ ಹಾಗೆ ಮಾಡಿದರು, ಅದು ಇಲಿ ಕಂಡರೆ ಆಕಳಿಸುತ್ತಿತ್ತು, ವಾಪಸು ಕೊಟ್ಟ. ತಿನ್ನುವ ಪದಾರ್ಥದ ನಡುವೆ ಪಾಷಾಣ ಇಡುವ ಹಾಗಿಲ್ಲ. ಆಗ ಬಸ್ ಸ್ಟ್ಯಾಂಡಿನ ಹತ್ತಿರ ಹಾವಾಡಿಸುವವನೊಬ್ಬ ಸಿಕ್ಕಿ, ಹೆಬ್ಬಾವು ತಗೋ, ಇಲಿಯ ವಂಶ ಉಳಿಯಲ್ಲ ಅಂದನಂತೆ. ಹುಟ್ಟಿದಾಗಿನಿಂದ ಒಂದು ಕೋಳಿಯನ್ನೂ ಸಾಕದವನು, ಮೊದಲ ಸಾಕುಪ್ರಾಣಿಯಾಗಿ ಹೆಬ್ಬಾವನ್ನು ಮನೆಗೆ ತಂದ!

"ತರೋದು ತಂದೆ, ಒಂದು ಮರಿ ತರಬಾರ್ದಾ? ಇಂಥಾ ಯಮನ್ನ ಯಾಕೆ ತಂದೆ?"

"ಅಜ್ಜಿ, ಹೊಸಬರು ಬೆಳೆದದ್ದೇ ತರಬೇಕು, ಮರಿ ತಂದ್ರೆ ಸಾಯ್ತಾವೆ ಅಂತ ನೀವೇ ಹೇಳ್ತೀರಂತೆ. ನಿಮ್ಮೂರಾಗೆ ಎಲ್ರೂ ಅಂತಾರೆ."

ಸುಂಕಣ್ಣ ಆ ಕಡೆ ತಿರುಗಿ ನಕ್ಕ. ನನ್ನ ಮಾತೇ ಹೆಬ್ಬಾವಾಗಿ ಸುತ್ತಿಕೊಂಡು ನನ್ನ ಮುಂದೆ ಮಲಗಿತ್ತು. "ಇಲಿ ತಿಂತಾ?" ಅಂತ ಕೇಳಿದೆ.

"ಇಲ್ಲ ಅಜ್ಜಿ. ಬಂದಾಗಿನಿಂದ ಬಾಯಿ ಬಿಟ್ಟಿಲ್ಲ. ಇಲಿಗಳು ಅದರ ಮೈಮ್ಯಾಲೇ ಓಡಾಡ್ತಾವೆ. ಹಮಾಲರು ಒಳಗೇ ಬರಲ್ಲ. ಚಳಿಗೆ ಹಿಂಗಾಗೈತೇನೋ ಅಂತ ಕಂಬಳಿ ಹೊದಿಸ್ದೆ. ರಾತ್ರಿ ಎದ್ದು ಜಾರಿದ್ರೆ ಮತ್ತೆ ಹೊದಿಸ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆಯ ಹುಡುಗನಲ್ಲದೆ ಬೇರೆ ಯಾರು ಹಾವಿಗೆ ಕಂಬಳಿ ಹೊದಿಸುತ್ತಾರೆ ಹೇಳಿ? ಕುರಿಮರಿಗೆ ಹೊದಿಸುತ್ತೇವೆ, ಬಾಣಂತಿಗೆ ಹೊದಿಸುತ್ತೇವೆ, ನಮಗೆ ಚಳಿಯ ಔಷಧ ಅದೊಂದೇ. ಆದರೆ ಮೈಯಲ್ಲಿ ಕಾವು ಇದ್ದವರಿಗೆ ಕಂಬಳಿ. ಹಾವಿನ ಮೈ ತಣ್ಣಗೆ, ಅದರ ಕಾವೆಲ್ಲ ಸೂರ್ಯನ ಹತ್ತಿರ ಇರುತ್ತದೆ. ಗುಡ್ಡದಲ್ಲಿ ಕುರಿ ಕಾಯುವವರೆಲ್ಲ ಕಂಡಿದ್ದೇವೆ, ಚಳಿಗಾಲದ ಬೆಳಗ್ಗೆ ಅವು ಬಂಡೆಯ ಮೇಲೆ ಬಂದು ಬಿದ್ದಿರುತ್ತವೆ. ಒಮ್ಮೆ ಹಾಗೆ ಬಿದ್ದಿದ್ದ ಹೆಬ್ಬಾವೊಂದು ನಮ್ಮ ಮರಿಯನ್ನು ನುಂಗಿ ಅಲ್ಲಾಡಲಾರದೆ ಇತ್ತು. ಅದನ್ನು ಹೊಡೆಯಲು ಯಾರಿಗೂ ಮನಸ್ಸು ಬರಲಿಲ್ಲ, ನಮ್ಮತ್ತೆ ಮಾತ್ರ ದೂರದ ಕಲ್ಲಿನ ಮೇಲೆ ಕೂತು ಹೊತ್ತು ಮುಳುಗುವ ತನಕ ಅದಕ್ಕೆ ಬೈದು ಬಂದಿದ್ದಳು. ಅದು ಒಂದಕ್ಕೂ ಉತ್ತರ ಕೊಡಲಿಲ್ಲ. ಅತ್ತೆಗೆ ಸಿಟ್ಟು ಬಂದದ್ದು ಮರಿ ಹೋದದ್ದಕ್ಕಲ್ಲ, ಬೈಗುಳ ವ್ಯರ್ಥವಾಯಿತಲ್ಲ ಅನ್ನುವುದಕ್ಕೆ.

"ಬಿಸಿಲಿಗೆ ಹಾಕೋಣ ನಡೀರಿ," ಅಂದೆ.

ಬೆಳೆದ ಹೆಬ್ಬಾವು ಹೊಸಬರಿಗಲ್ಲ ಅನ್ನುವುದಕ್ಕೆ ಮೊದಲ ಕಾರಣ ಆಗ ಸಿಕ್ಕಿತು: ಅದನ್ನು ಎತ್ತಲು ಒಂದು ಕುಟುಂಬವೇ ಬೇಕು. ಶೇಂಗಾ ಮೂಟೆಯನ್ನು ಹತ್ತಿಯ ಹಾಗೆ ಎತ್ತಿ ಎಸೆಯುವ ಸುಂಕಣ್ಣ, ತನಗೆ ಸೊಂಟ ಹಿಡಿದಿದೆ ಅಂದ. "ತಂದೋನು ನೀನು, ತಲೆ ನಿಂದು," ಅಂತ ತಿಪ್ಪೇಸ್ವಾಮಿಗೆ ಹೇಳಿ ಬಾಲ ನಾನು ಹಿಡಿದೆ. ನಡುವಿಗೆ ಗೌರಮ್ಮ, ಮುಖ ಗೋಡೆಯ ಕಡೆ ತಿರುಗಿಸಿಕೊಂಡು, "ನಾನು ಹಿಡಿದಿಲ್ಲ, ನಾನು ಹಿಡಿದಿಲ್ಲ," ಅನ್ನುತ್ತಾ. ಮುಟ್ಟಿದರೆ ಲೋಳೆಯ ಹಾಗೆ ಜಾರುತ್ತದೆ ಅಂದುಕೊಂಡಿದ್ದೆ. ಹದ ಮಾಡಿದ ತೊಗಲಿನ ಹಾಗೆ ಒಣಗಿ, ನಯವಾಗಿತ್ತು. ಮನೆ ನೋಡಲು ಬಂದವಳು ಬೀಗರ ಜೊತೆ ಹೆಬ್ಬಾವು ಹೊತ್ತುಕೊಂಡು ಅಂಗಳಕ್ಕೆ ಇಳಿದದ್ದನ್ನು ನೋಡಲು ಓಣಿಯ ಹೆಂಗಸರೆಲ್ಲ ಮಾಳಿಗೆ ಹತ್ತಿದ್ದರು. ಒಬ್ಬಳು, "ವರದಕ್ಷಿಣೆನಾ ಅಜ್ಜಿ?" ಅಂತ ಕೂಗಿದಳು. "ಹೂಂ ಕಣವ್ವ, ನಿನ್ನ ಮಗನಿಗೂ ಒಂದು ಕಳಿಸ್ಲಾ?" ಅಂದೆ.

ಶೇಂಗಾದ ಪಕ್ಕ ಬಿಸಿಲಿಗೆ ಬಿದ್ದ ಮೇಲೆ ಅದು ನಿಧಾನವಾಗಿ ಸುರುಳಿ ಬಿಚ್ಚಿಕೊಂಡಿತು. ಮಂಕಾಗಿದ್ದ ಮೈಯ ಮೇಲೆ ಕಂದು ಹಳದಿಯ ಮಚ್ಚೆಗಳು ಎದ್ದು ಬಂದವು. ಮೊಳಕಾಲ್ಮೂರಿನ ಮಗ್ಗದಿಂದ ಆಗಷ್ಟೇ ಇಳಿಸಿದ ಸೀರೆಯ ಹಾಗೆ ಹೊಳೆಯಿತು ಅಂದರೆ ನೇಕಾರರು ಬೇಜಾರು ಮಾಡಿಕೊಳ್ಳಬಾರದು. ನಾವೆಲ್ಲ ನೋಡುತ್ತಾ ಕೂತೆವು. ಗೌರಮ್ಮ ಕೂಡ ಗೋಡೆಯಿಂದ ಈ ಕಡೆ ತಿರುಗಿದಳು.

ಆಗ ನನಗೆ ಉತ್ತರ ಹೊಳೆಯಿತು. ದೊಡ್ಡದೋ ಚಿಕ್ಕದೋ ಅನ್ನುವುದು ಮಾತೇ ಅಲ್ಲ. ಹೊಸದಾಗಿ ಸಾಕುವವನಿಗೆ ತಪ್ಪು ತೋರಿಸುವ ಪ್ರಾಣಿ ಬೇಕು. ಕುರಿ ಅರಚುತ್ತದೆ, ಎಮ್ಮೆ ಒದೆಯುತ್ತದೆ, ಕೋಳಿ ಮನೆಯೆಲ್ಲ ರಾದ್ಧಾಂತ ಮಾಡುತ್ತದೆ. ಅದೆಲ್ಲ ನಮಗೆ ಹೇಳುವ ಬುದ್ಧಿ. ಇದು ಹಸಿದರೂ ಹೇಳುವುದಿಲ್ಲ, ನಡುಗಿದರೂ ಹೇಳುವುದಿಲ್ಲ, ಸತ್ತರೂ ಎರಡು ದಿನ ಮಲಗಿದೆ ಅಂತಲೇ ತಿಳಿಯಬೇಕು. ಇಂಥ ಮೌನಿಯನ್ನು ಸಾಕಲು ಅದರ ಮನಸ್ಸು ಓದಬಲ್ಲವನು ಬೇಕು, ಅವನು ಹೊಸಬನಾಗಿರಲು ಸಾಧ್ಯವಿಲ್ಲ. ಮರಿಯಾದರೂ ಅಷ್ಟೇ, ಬೆಳೆದದ್ದಾದರೂ ಅಷ್ಟೇ. ಬೆಳೆದದ್ದಾದರೆ ಹೊರುವವರು ಹೆಚ್ಚು ಬೇಕು, ಅಷ್ಟೇ ವ್ಯತ್ಯಾಸ.

ಇದನ್ನೇ ಅವನಿಗೆ ಹೇಳಿದೆ. ಚೀಲಗಳನ್ನು ಗೋಡೆಯಿಂದ ಸರಿಸಿ ಹಲಗೆಯ ಮೇಲೆ ಜೋಡಿಸು, ಬಿಲಗಳಿಗೆ ಗಾಜಿನ ಚೂರು ತುಂಬಿ ಗಾರೆ ಹಾಕು, ಮಳೆಗಾಲದಲ್ಲಿ ತಾನಾಗಿ ಬರುವ ಕೇರೆ ಹಾವನ್ನು ಹೊಡೆಯದೆ ಬಿಡು, ಇಲಿ ಹಿಡಿಯುವುದು ಅದರ ಕಸುಬು, ಅಂತಲೂ ಹೇಳಿದೆ. ಅರಣ್ಯ ಇಲಾಖೆಯವರಿಗೆ ಸುದ್ದಿ ಕಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ಬಂದರು, ಇದನ್ನು ಮಾರುವುದೂ ತಪ್ಪು ಕೊಳ್ಳುವುದೂ ತಪ್ಪು ಅಂತ ಹುಡುಗನಿಗೆ ಚೆನ್ನಾಗಿ ಉಗಿದರು, ಅವನು ಎಲ್ಲ ಕೇಳಿಸಿಕೊಂಡ. ಮೊಳಕಾಲ್ಮೂರಿನ ಆಚೆಯ ಗುಡ್ಡಕ್ಕೆ ಬಿಡುತ್ತೇವೆ ಅಂತ ಅದನ್ನು ದೊಡ್ಡ ಚೀಲಕ್ಕೆ ಇಳಿಸಿ ಜೀಪಿಗೆ ಹಾಕಿದರು.

ಉಗಿಸಿಕೊಂಡವನು ಒಳಗೆ ಹೋಗಬೇಕಿತ್ತು. ಇವನು ಜೀಪಿನ ಹತ್ತಿರಕ್ಕೇ ಹೋದ. "ಸಾರ್, ಬಂದಾಗಿನಿಂದ ಏನೂ ತಿಂದಿಲ್ಲ ಅದು. ಹಗುರಾಗಿ ಇಳಿಸ್ರಿ. ಬಿಸಿಲು ಬೀಳೋ ಕಡೆ ಬಿಡ್ರಿ," ಅಂತ ಕಿಟಕಿ ಹಿಡಿದು ಹೇಳುತ್ತಲೇ ಇದ್ದ, ಜೀಪು ಹೊರಟ ಮೇಲೂ ಏನೋ ಹೇಳುತ್ತಿದ್ದ.

ಹೊಸಲಿನಲ್ಲಿ ಗೌರಮ್ಮ ಒಂದು ಲೋಟ ನೀರು ಹಿಡಿದು ನಿಂತಿದ್ದಳು. ಮುಖ ಬಾಡಿತ್ತು. ಹಾವಿನ ಮನೆ ಅಂತ ಎದ್ದು ಹೋಗುತ್ತಾಳೆ ಮುದುಕಿ, ಅಂತ ಅವಳು ಆಗಲೇ ತೀರ್ಮಾನ ಮಾಡಿದ್ದಳು.

"ನೀರು ಆಮ್ಯಾಲೆ ಗೌರಮ್ಮ," ಅಂದೆ. "ಎಲೆ ಹಾಕು. ಬಾಲ ಹೊತ್ತು ಹೊತ್ತು ಹಸಿವಾಗೈತೆ."

ಹೋಳಿಗೆ ಎಷ್ಟು ತಿಂದೆ ಅಂತ ಹೇಳುವುದಿಲ್ಲ. ಸುಂಕಣ್ಣನ ಸೊಂಟ ಊಟದ ಹೊತ್ತಿಗೆ ತಾನಾಗಿ ಸರಿಹೋಯಿತು.

ಸಾಯಂಕಾಲ ರಾಂಪುರದಲ್ಲಿ ಬಸ್ಸಿಳಿದರೆ ರತ್ನ ಕಾದು ನಿಂತಿದ್ದಳು. ನಾನು ಕಾಲು ನೆಲಕ್ಕಿಡುವ ಮುಂಚೆಯೇ ಶುರುಮಾಡಿದಳು: ಇಷ್ಟು ಹೊತ್ತಾ, ಮಧ್ಯಾಹ್ನದ ಬಸ್ಸಿಗೆ ಯಾಕೆ ಬರಲಿಲ್ಲ, ಬಂದೋರನ್ನೆಲ್ಲ ಕೇಳಿ ಕೇಳಿ ನನ್ನ ಬಾಯಿ ಒಣಗೋಯ್ತು, ಸೀರೆಗೇನು ಮಣ್ಣು, ಅಲ್ಲಿ ಏನು ಹೊಲ ಉತ್ತೆಯಾ, ಉಂಡೆಯೋ ನೀರು ಕುಡಿದೆಯೋ ಅದನ್ನಾದ್ರೂ ಹೇಳು.

ಅವಳ ಬಾಯಿ ಕಡಿಮೆ ಮಾಡಿಸಲು ನಾನು ಇಪ್ಪತ್ತು ವರ್ಷ ಪಟ್ಟ ಪಾಡು ಒಂದು ಕ್ಷಣ ನೆನಪಿಗೆ ಬಂದು, ಸೋತದ್ದು ಒಳ್ಳೆಯದೇ ಆಯಿತು ಅನ್ನಿಸಿತು.

"ಉಂಡೆ ಕಣೇ," ಅಂದೆ. "ಇವತ್ತಿಗೆ ಬೈದದ್ದು ಸಾಕು. ಹುಡುಗ ಹೊಸಬ, ಅವನಿಗೂ ಒಂದಿಷ್ಟು ಉಳಿಸಿಟ್ಕೋ."