ಬೊಜ್ಜದ ಕಾಗದ

ಉಪ್ಪುಂದದಲ್ಲಿ ಮದುವೆ ಕಾಗದದಿಂದ ಹಿಡಿದು ಸತ್ತವರ ಉತ್ತರಕ್ರಿಯೆಗೆ ಕರೆಯುವ ಬೊಜ್ಜದ ಕಾಗದದವರೆಗೆ ಎಲ್ಲವನ್ನೂ ಕನ್ನಡದಲ್ಲಿ ಟೈಪು ಮಾಡಿಕೊಡುತ್ತಿದ್ದವಳು ಜಲಜಕ್ಕ. ೨೦೦೩ರ ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಕನ್ನಡವೇ ಮಾಯ! ಹಿಂದಿನ ದಿನ ರಿಪೇರಿಗೆ ಬಂದಿದ್ದ ರತನ್, ಕೇಳದೆಯೇ ಕನ್ನಡದ ಫಾಂಟನ್ನೂ ಕೀಬೋರ್ಡನ್ನೂ ಅಳಿಸಿಹಾಕಿದ್ದ. ಜಲಜಕ್ಕನ ಪಿತ್ತ ನೆತ್ತಿಗೇರಿತು. ಅವನನ್ನು ಕರೆಸಿದಳು.

“ಅಷ್ಟಕ್ಕೆಲ್ಲ ಎಂತಕ್ಕೆ ಸಿಟ್ಟ್ ಅಕ್ಕಾ? ಇಂಗ್ಲಿಷ್ ಇತ್ತಲೆ. ಕನ್ನಡ ನಾಳೆ ಹಾಕಿ ಕೊಡ್ತೆ,” ಎಂದು ರತನ್ ನಕ್ಕ.

ತಾಯಿಯ ಬೊಜ್ಜಕ್ಕೆ ಕಾಗದ ಮಾಡಿಸಲು ಬಂದಿದ್ದ ಗುಡ್ಡಣ್ಣ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಜಲಜಕ್ಕ ನಿನ್ನೆ ಟೈಪು ಮಾಡಿಟ್ಟಿದ್ದ ಆ ಕಾಗದದ ಪ್ರಿಂಟು ತೆಗೆದು ರತನ್‌ ಕೈಗೆ ತುರುಕಿದಳು. ಫಾಂಟಿಲ್ಲದೆ ಅದರಲ್ಲಿದ್ದ ಕನ್ನಡವೆಲ್ಲ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿತ್ತು.

ಗುಡ್ಡಣ್ಣನತ್ತ ಕೈ ತೋರಿಸಿ, “ಇದ್ರಗೆ ಅವ್ರ್ ಸತ್ತ್ ಹೋದ ಅಬ್ಬಿ ಹೆಸ್ರಿತ್ತ್. ಅವ್ರ್ ಎದ್ರಿಗೇ ಓದ್ ಕಾಂಬ!” ಎಂದಳು.

ಗುಡ್ಡಣ್ಣ ತಲೆಯೆತ್ತಿ ರತನ್‌ ಬಾಯಿಯನ್ನೇ ನೋಡತೊಡಗಿದ.