ಸ್ಟಾಪರ್ ಒಲ್ಲೆ ಅಂದ

ಸಂಜೆ ಜೀನ್ಸ್ ಯೂನಿಟ್ಟಿನಿಂದ ಹೊರಬಿದ್ದರೂ ಇಸ್ತ್ರಿಯ ಹಬೆ ನನ್ನ ಮೈಬಿಟ್ಟು ಹೋಗುವುದಿಲ್ಲ. ದಿನವಿಡೀ ಪ್ಯಾಂಟುಗಳ ಮೇಲೆ ಇಸ್ತ್ರಿ ಎಳೆದವನಿಗೆ ಮಾತು ಬೇಕಿರುವುದಿಲ್ಲ, ಬೆನ್ನು ಆನಿಸಲು ಒಂದು ಗೋಡೆ ಸಾಕು. ಬಳ್ಳಾರಿಯಲ್ಲಿ ನನಗಿರುವ ಅಂಥ ಜಾಗ ಒಂದೇ: ಮೈದಾನದ ಗೋಡೆಯ ಪಕ್ಕ ಮಿರ್ಚಿ ಅಂಗಡಿಯವನು ಹಾಕಿರುವ ಕಲ್ಲುಬೆಂಚು. ಅಲ್ಲಿ ಕೂತರೆ ಗೋಡೆಯ ಜೊತೆಗೆ ಮಾತೂ ಸಿಗುತ್ತದೆ, ಬೇಡವೆಂದರೂ. ಕಳೆದ ಚಳಿಗಾಲದುದ್ದಕ್ಕೂ ಆ ಬೆಂಚಿನ ಮೇಲೆ ನಡೆದದ್ದು ಒಂದೇ ಮಾತು. ನಮ್ಮ ಸ್ಟಾಪರ್ ನಿಜಕ್ಕೂ ಅಷ್ಟು ದೊಡ್ಡ ಆಟಗಾರನೋ, ಇಲ್ಲಾ ನಾವೇ ಅವನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದೇವೋ?

ನಮ್ಮದು ಓಣಿಯ ಫುಟ್‌ಬಾಲ್ ತಂಡ. ಜೀನ್ಸ್ ಹೊಲಿಯುವವರು, ಒಗೆಯುವವರು, ಗುಂಡಿ ಹಚ್ಚುವವರು, ಇಬ್ಬರು ಆಟೋದವರು. ಗೋಲ್‌ಕೀಪರಿನ ಮುಂದೆ ನಿಂತು ಬಂದದ್ದನ್ನೆಲ್ಲ ತಡೆಯುವವನೇ ಸ್ಟಾಪರ್. ಅವನು ನಮ್ಮ ಜಿಲ್ಲೆಯದೇ ಕರೂರಿನವನು, ನಮ್ಮ ಯೂನಿಟ್ಟಿನಲ್ಲೇ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮಶೀನು ಹಿಡಿದು, ಬೆಳಿಗ್ಗೆಯಿಂದ ಸಂಜೆಯವರೆಗೂ ನಿಂತೇ ಕತ್ತರಿಸುವ ಕೆಲಸ. ಹಾಗಾಗಿ ಮೈದಾನದಲ್ಲೂ ಅವನು ಎಲ್ಲರಿಗೂ ಮಾಸ್ಟರ್. ವಯಸ್ಸು ನಲವತ್ತು ದಾಟಿದೆ.

ಎಷ್ಟೋ ವರ್ಷದ ಹಿಂದೆ ಸಿರುಗುಪ್ಪದವರ ವಿರುದ್ಧ ಅವನು ಒಂದು ಗೋಲನ್ನು ತಲೆಕೊಟ್ಟು ತಡೆದ. ನಾನು ಕಣ್ಣಾರೆ ನೋಡಿದ್ದೇನೆ, ಚೆಂಡು ಗೋಲಿನ ಗೆರೆಗಿಂತ ಮಾರುದ್ದ ಈಚೆಗಿತ್ತು. ಮರುವರ್ಷ ಬೆಂಚಿನ ಮೇಲಿನ ಮಾತಿನಲ್ಲಿ ಅದು ಗೆರೆಯ ಹತ್ತಿರ ಬಂತು. ಆಮೇಲೆ ಗೆರೆಯ ಮೇಲೇ ಬಂತು. ಈಗ ಹೇಳುವವರ ಪ್ರಕಾರ ಚೆಂಡು ಅರ್ಧ ಒಳಗೆ ಹೋಗಿತ್ತು, ಮಾಸ್ಟರ್ ಅದನ್ನು ಹೊರಗೆ ಕರೆತಂದ.

ಈ ಕಥೆಯನ್ನು ಕಾಯ್ದುಕೊಂಡು ಬಂದವನು ತಾತ. ಹಿಂದೆ ನಮ್ಮ ಓಣಿಯ ಗೋಲ್‌ಕೀಪರಾಗಿದ್ದವನು, ಈಗ ಯಾರು ಆಡಬೇಕು, ಯಾರು ಕೂರಬೇಕು ಎಂದು ಹೇಳುವವನು. ಮ್ಯಾಚು ಮುಗಿದ ಸಂಜೆ ಬಾಣಲೆಯಿಂದ ತೆಗೆದ ಮೊದಲ ಮಿರ್ಚಿಯನ್ನು ಅವನು ತನ್ನ ಕೈಯಾರೆ ಒಬ್ಬ ಆಟಗಾರನಿಗೆ ಕೊಡುತ್ತಾನೆ. ಬಹಳ ವರ್ಷಗಳಿಂದ ಆ ಮಿರ್ಚಿ ಮಾಸ್ಟರ್ ಕೈಗೇ ಹೋಗುತ್ತಿತ್ತು. ಗೆದ್ದರೂ ಅವನಿಗೇ, ಸೋತರೂ ಅವನಿಗೇ.

ಮಾತು ಹತ್ತಿಕೊಂಡದ್ದು ಕುರುಗೋಡಿನಲ್ಲಿ ಸೋತು ಬರುವ ದಿನ. ಅಲ್ಲಿಯ ಹುಡುಗನೊಬ್ಬ ಚೆಂಡು ಹಿಡಿದು ಮಾಸ್ಟರನ್ನು ದಾಟಿ ಹೋಗಿ ಗೋಲು ಹೊಡೆದಿದ್ದ. ಮಾಸ್ಟರ್ ತಿರುಗಿ ನೋಡಿದ್ದ, ಅಷ್ಟೇ. ವಾಪಸು ಬರುವ ಬಸ್ಸಿನಲ್ಲಿ, ಎಲ್ಲರಿಗಿಂತ ಮುಂದೆ ನಿಂತು ಆಡುವುದರಿಂದ ನಾವು ಮುಂದಾಳು ಅನ್ನುವ ಹುಡುಗ ಬಾಯಿ ಬಿಟ್ಟ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು, ನಮ್ಮ ತಂಡದಲ್ಲಿ ಗೋಲು ಹೊಡೆಯುವವನು ಅವನೊಬ್ಬನೇ. ರಾತ್ರಿ ಎದ್ದು ಕೂತು ಹೊರದೇಶದ ಮ್ಯಾಚು ನೋಡುವ ಪೈಕಿ.

"ತಾತ, ತಪ್ಪು ತಿಳೀಬ್ಯಾಡ್ರಿ. ಮಾಸ್ಟರ್ ಆಡಿದ್ದು ನಾ ಒಂದಿನಾನೂ ನೋಡಿಲ್ಲ. ನಿಂತಿದ್ದು ನೋಡೀನಿ."

"ನಿಲ್ಲಾದೂ ಆಟಾನೇ ಲೇ," ಎಂದ ತಾತ. "ಅದು ತಿಳಿಯಾಕ ನಿನಗ ಇನ್ನಾ ಟೈಮ್ ಐತಿ."

"ಹಂಗಾರ ಗೋಲ್ ಕಂಬಾನೂ ಛಲೋ ಆಟಗಾರ ಆತು."

ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕ. ಅವತ್ತಿನಿಂದ ಬೆಂಚಿನ ಮೇಲೆ ಎರಡು ಪಕ್ಷವಾಯಿತು. ಮಾಸ್ಟರ್ ಇದ್ದಾನೆಂದೇ ಎದುರಿನವರು ಚೆಂಡು ಆಚೆ ಈಚೆ ಒಯ್ಯುತ್ತಾರೆ, ಅದಕ್ಕೇ ಅವನು ಓಡಬೇಕಾಗುವುದಿಲ್ಲ ಎಂದು ತಾತನ ಕಡೆಯವರು. ಚಡ್ಡಿಗೆ ಮಣ್ಣೇ ಹತ್ತದವನು ಎಂಥ ಸ್ಟಾಪರ್, ಒಮ್ಮೆ ಗೋಲು ತಡೆದದ್ದನ್ನು ಇನ್ನೂ ಎಷ್ಟು ವರ್ಷ ಅರೆದು ಕುಡಿಯುತ್ತೀರಿ ಎಂದು ಮುಂದಾಳು. ದಿನಾ ಅವೇ ಮಾತು, ಅವೇ ಕೈಬೀಸು. ಒಗ್ಗರಣೆ ಮಂಡಕ್ಕಿ ಮೆತ್ತಗಾಗುವವರೆಗೂ ನಡೆಯುತ್ತಿತ್ತು. ನಾನು ಗೋಡೆಗೆ ಆತು ಕಣ್ಣು ಮುಚ್ಚುತ್ತಿದ್ದೆ. ಮಾಸ್ಟರ್ ಬೆಂಚಿನ ತುದಿಯಲ್ಲಿ ಬಲಗಾಲು ನೀಡಿಕೊಂಡು ಕೂತಿರುತ್ತಿದ್ದ. ತನ್ನದಲ್ಲ, ಯಾರದೋ ಊರಿನ ಸುದ್ದಿ ಕೇಳುವವನ ಹಾಗೆ.

ಆ ಕಾಲು ಅವನು ಯಾಕೆ ನೀಡುತ್ತಾನೆ ಎಂಬುದು ಯೂನಿಟ್ಟಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನ್ನ ಇಸ್ತ್ರಿ ಟೇಬಲ್ಲು ಅವನ ಕಟಿಂಗ್ ಟೇಬಲ್ಲಿನ ಎದುರಿಗಿದೆ. ಆಗಲೇ ಒಂದೆರಡು ತಿಂಗಳಿಂದ ಅವನು ಟೇಬಲ್ಲಿನ ಕೆಳಗೆ ಒಂದು ಸ್ಟೂಲು ಎಳೆದುಕೊಂಡು, ಬಲ ಮೊಣಕಾಲನ್ನು ಅದರ ಮೇಲಿಟ್ಟು, ಒಂಟಿಗಾಲಲ್ಲಿ ನಿಂತು ಕತ್ತರಿಸುತ್ತಿದ್ದ. ಒಂದು ದಿನ ಊಟದ ಹೊತ್ತಿಗೆ ಬುತ್ತಿ ಬಿಚ್ಚುತ್ತ ನನ್ನ ಕಡೆ ಬಾಗಿದ.

"ಅಣ್ಣ, ಆ ಮೊಬೈಲ್ ಅಂಗಡಿ ಹುಡುಗನ ಮಾತು ಗೆಲ್ಲಬೇಕು ನೋಡು."

ನನಗೆ ಅರ್ಥವಾಗಲಿಲ್ಲ.

"ಇನ್ನೊಮ್ಮಿ ಮೊಣಕಾಲು ಹೊರಳಿದ್ರ ನಿಂತು ಮಾಡೋ ಕೆಲಸ ಬಿಡಬೇಕಾಕ್ಕತಿ ಅಂತ ಡಾಕ್ಟ್ರು ಹೇಳ್ಯಾರ. ಸಿರುಗುಪ್ಪ ಗದ್ದ್ಯಾಗ ಹೊರಳದಂಗ ಆಡಾಕ ಆಗ್ತೈತೇನು? ನಿಂತು ಕತ್ತರಿಸಾದು ಬಿಟ್ರ ನನಗ ಬ್ಯಾರೆ ಏನು ಬರ್ತೈತಿ?"

ವರ್ಷಕ್ಕೊಮ್ಮೆ ಬರುವ ಸಿರುಗುಪ್ಪದ ಮ್ಯಾಚು ನಡೆಯುವುದು ಭತ್ತ ಕೊಯ್ದ ಗದ್ದೆಯಲ್ಲಿ. ಕೂಳೆಯನ್ನು ಎಷ್ಟು ತುಳಿದರೂ ಬುಡ ಉಳಿದಿರುತ್ತದೆ, ಕೆಳಗಿನ ಕರಿಮಣ್ಣು ಒಣಗಿ ಬಾಯಿಬಿಟ್ಟಿರುತ್ತದೆ. ಗಟ್ಟಿ ಕಾಲಿನವರೇ ಅಲ್ಲಿ ಕುಂಟುತ್ತ ಹೊರಬರುತ್ತಾರೆ.

ಹಾಗಾದರೆ ಕಾಲು ನೋವು, ಆಡುವುದಿಲ್ಲ ಎಂದು ಹೇಳಿದರಾಯಿತಲ್ಲ ಎಂದು ಬೇರೆ ಊರಿನವರು ಕೇಳಬಹುದು. ನಮ್ಮಲ್ಲಿ ಅದು ಆಗದ ಮಾತು. ಯಾಕೆಂದರೆ ಸಿರುಗುಪ್ಪದ ಮ್ಯಾಚಿಗೆ ಮುಂಚೆ ಎಲ್ಲರೂ ಹಾಗೇ ಹೇಳುತ್ತಾರೆ. ಒಬ್ಬನಿಗೆ ಸೊಂಟ, ಇನ್ನೊಬ್ಬನಿಗೆ ಹಿಮ್ಮಡಿ, ಗೋಲ್‌ಕೀಪರಿಗೆ ಜ್ವರ. ತಾತ ಒಬ್ಬೊಬ್ಬರ ಮನೆಗೂ ಹೋಗಿ, ನೀನಿಲ್ಲದಿದ್ದರೆ ತಂಡವೇ ಇಲ್ಲ ಎಂದು ಗಲ್ಲ ಹಿಡಿದು ಒಪ್ಪಿಸಬೇಕು. ಹಾಗೆ ಒಪ್ಪಿಸಿಕೊಂಡು ಹೋಗುವುದೇ ಮರ್ಯಾದೆ. ಕರೆದ ಕೂಡಲೇ ಬರ್ತೀನಿ ಅಂದವನನ್ನು ಹಗುರ ಎಣಿಸುತ್ತಾರೆ.

ರಾರಾವಿಯಲ್ಲಿದ್ದ ನಮ್ಮ ಅಜ್ಜಿ ಇದಕ್ಕೆ ಒಲ್ಲೆ ಅನ್ನುವ ಶಾಸ್ತ್ರ ಅನ್ನುತ್ತಿದ್ದಳು. ಬೀಗರು ಹೋಳಿಗೆಗೆ ಒಲ್ಲೆ ಅನ್ನಬೇಕು, ನಾವು ಬಡಿಸಬೇಕು. ಅವರು ಕೈ ಅಡ್ಡ ಹಿಡಿಯಬೇಕು, ನಾವು ಬೆರಳ ಸಂದಿಯಲ್ಲೇ ತುಪ್ಪ ಬಿಡಬೇಕು. ಒಂದೇ ಒಂದು ಒಲ್ಲೆಯನ್ನು ಮಾತ್ರ ನಂಬಬೇಕು ಎಂದು ಅವಳು ನಮಗೆ ಹೇಳಿಕೊಟ್ಟಿದ್ದಳು. ಪಂಕ್ತಿಯಲ್ಲಿ ಯಾರಾದರೂ ಮನಸ್ಸಿಗೆ ನೋವಾಗುವಂತೆ ಆಡಿ, ಉಣ್ಣುವವನು ಎಲೆ ಬಿಟ್ಟು ಎದ್ದರೆ, ಅವನನ್ನು ಮತ್ತೆ ಉಪಚಾರ ಮಾಡಬಾರದು. ಮಾಡಿದರೆ ಎರಡನೇ ಸಲ ಅವಮಾನ ಮಾಡಿದ ಹಾಗೆ.

ಆದರೂ ನಾನು ತಾತನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರ ಮಾತನ್ನೂ ಹೇಳಿದೆ. ತಾತನ ಮುಖ ಅರಳಿತು.

"ಈ ಸಲ ನಿನ್ನ ಕಳಿಸ್ಯಾನೇನು? ಶಾಣ್ಯಾ ಅದಾನ. ಬರ್ತೀನಂತ ಹೇಳು, ಆಯ್ತಾರ ನಾನೇ ಅವರ ಮನಿಗೆ ಬರ್ತೀನಿ."

ಮಾಸ್ಟರ್ ಹೆಂಡತಿ ತಾತನಿಗೆ ಫೋನು ಮಾಡಿ ಅತ್ತಳು. ಹೋದ ವರ್ಷ ಗೋಲ್‌ಕೀಪರಿನ ತಾಯಿಯೂ ಹೀಗೇ ಅತ್ತಿದ್ದಳು ಎಂದು ತಾತ ಅವಳಿಗೇ ಸಮಾಧಾನ ಹೇಳಿದ. ಡಾಕ್ಟರ ಚೀಟಿ ತೋರಿಸಿದರೆ ಮಾಸ್ಟರ್ ಬೆಲೆ ಇನ್ನಷ್ಟು ಏರುತ್ತಿತ್ತು, ಅಷ್ಟೇ. ಅವನನ್ನು ಕೂರಿಸಬಲ್ಲದ್ದು ಒಂದೇ: ಅವನು ಅಂಥ ಆಟಗಾರನೇನಲ್ಲ ಎಂದು ಬೆಂಚು ಒಪ್ಪಬೇಕು.

ಹಾಗಾಗಿ ನಾನು ಮುಂದಾಳಿನ ಪಕ್ಷ ಸೇರಿದೆ. ಗೆಳೆಯನ ಎದುರಿಗೇ ಕೂತು ಅವನ ಆಟವನ್ನು ಹಳಿಯುವುದು ಎಂಥ ದಣಿವಿನ ಕೆಲಸ ಅಂತೀರಿ! ತಿರುಗುವುದು ನಿಧಾನ ಅಂದೆ. ಎಡಗಾಲು ಬರೀ ಲೆಕ್ಕಕ್ಕೆ ಅಂದೆ. ಆ ಹಳೆಯ ಚೆಂಡು ಗೆರೆಗಿಂತ ಮಾರುದ್ದ ಈಚೆಗಿತ್ತು ಎಂದೂ ಹೇಳಿಬಿಟ್ಟೆ. ಅವತ್ತು ತಾತನ ಕಡೆಯವರಿಗೆ ರೋಷ ಬಂದು ಅವರ ಮಾತು ಇಮ್ಮಡಿಯಾಯಿತು. ಒಂದೇ ಯೂನಿಟ್ಟಿನಲ್ಲಿ ಇದ್ದರೆ ಹೊಟ್ಟೆಕಿಚ್ಚು ಇದ್ದದ್ದೇ ಎಂದು ಒಬ್ಬ ಅಂದ. ಮಾಸ್ಟರ್ ತುದಿಯಲ್ಲಿ ತಲೆ ತಗ್ಗಿಸಿದ್ದ. ಕೊನೆಗೆ ಮುಂದಾಳೇ ನನ್ನನ್ನು ಪಕ್ಕಕ್ಕೆ ಕರೆದ.

"ಅಣ್ಣ, ನೀ ಸುಮ್ನಿರು. ನೀ ಸೇರಿದ್ ಮ್ಯಾಲೆ ನನ್ನ ಮಾತಿಗೂ ಬೆಲಿ ಹೋತು."

ಅವನಿಗೆ ನಾನು ಮೊಣಕಾಲಿನ ವಿಷಯವನ್ನೂ ಹೇಳಿದೆ. ಅವನೂ ನಕ್ಕ. ಅವನೂ ಇದೇ ಓಣಿಯವನಲ್ಲವೇ.

ಭಾನುವಾರ ತಾತ ಬಂದು ಗಲ್ಲ ಹಿಡಿದ. ಮಾಸ್ಟರ್ ಒಲ್ಲೆ ಒಲ್ಲೆ ಅಂದಷ್ಟೂ ತಾತನಿಗೆ ಹುರುಪು. ಕೊನೆಗೆ ಮಾಸ್ಟರ್ ಸುಮ್ಮನಾದ. ಸುಮ್ಮನಾದರೆ ಒಪ್ಪಿದಂತೆ ಲೆಕ್ಕ.

ಸಿರುಗುಪ್ಪದಲ್ಲಿ ಬಸ್ಸಿಳಿದು ಗದ್ದೆಯ ಕಡೆ ನಡೆದೆವು. ನಡುವೆ ಒಂದು ಸಣ್ಣ ಹೊಲಗಾಲುವೆ ಅಡ್ಡ ಬರುತ್ತದೆ, ಎಲ್ಲರೂ ಹಾರಿ ದಾಟುವಂಥದ್ದು. ತಾತನೂ ಕೋಲೂರಿ ದಾಟಿದ. ಮಾಸ್ಟರ್ ಬೇಕೆಂದೇ ಹಿಂದೆ ಉಳಿದ. ನಾನು ದಾಟಿ ತಿರುಗಿ ನೋಡಿದೆ. ಅವನು ದಂಡೆಯ ಮೇಲೆ ಕೂತು, ಕುಂಡಿ ಸರಿಸುತ್ತ ನೀರಿಗಿಳಿದು, ಎರಡೂ ಕೈಯಲ್ಲಿ ಹುಲ್ಲು ಹಿಡಿದು ಈಚೆ ದಂಡೆ ಹತ್ತಲು ನೋಡುತ್ತಿದ್ದ. ಬಲಗಾಲಿನ ಮೇಲೆ ಭಾರ ಬಿಡಲೇ ಇಲ್ಲ. ಅವನ ಹಿಂದೆ, ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡು, ಮುಂದಾಳು ನಿಂತಿದ್ದ. ಅವನೂ ನೋಡುತ್ತಿದ್ದ. ಕೈ ಕೊಡಲಿಲ್ಲ. ಮಾಸ್ಟರ್ ಹತ್ತಿ ಹೋದ ಮೇಲೆ ಒಂದೇ ನೆಗೆತಕ್ಕೆ ದಾಟಿ ಬಂದ.

ಗದ್ದೆಯಲ್ಲಿ ಎಲ್ಲರೂ ಅಂಗಿ ಬದಲಿಸುವಾಗ ಮುಂದಾಳು ತಾತನ ಎದುರು ನಿಂತ.

"ತಾತ, ಮಾಸ್ಟರ್ ಇಳದ್ರ ನಾ ಇಳಿಯಂಗಿಲ್ಲ. ಈ ನಿಂತ ಕಂಬದ ಜೋಡಿ ನನಗ ಆಡಾಕ ಆಗಂಗಿಲ್ಲ. ಯಾರು ಬೇಕು ನೀವ ನೋಡ್ರಿ."

ಸಿರುಗುಪ್ಪದವರ ಎದುರಿಗೇ ಅಂದ. ನಮ್ಮ ಹುಡುಗರು ಅವನ ಮೇಲೆ ಏರಿ ಹೋದರು, ಗೋಲ್‌ಕೀಪರ್ ಅಂಗಿ ಹಿಡಿದೆಳೆದ. ತಾತ ಕೋಲೂರಿ ನಡುವೆ ಬಂದ. ಏನನ್ನೋ ಬೈದು, ಮಾಸ್ಟರ್ ಕಡೆ ತಿರುಗಿದ.

"ನೀ ಏನಂತಿ?"

"ಅವನ ಆಡ್ಲಿ ತಾತ," ಎಂದ ಮಾಸ್ಟರ್. "ನಾ ಒಲ್ಲೆ."

ಯಾರೂ ಗಲ್ಲ ಹಿಡಿಯಲಿಲ್ಲ. ಎಲೆ ಬಿಟ್ಟು ಎದ್ದವನನ್ನು ಮತ್ತೆ ಕೂರಿಸುವಂತಿಲ್ಲ. ಅದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು, ಮುಂದಾಳಿಗೂ. ತಾತ ಕಣ್ಣು ಒರೆಸಿಕೊಂಡು ಬದುವಿನ ಮೇಲೆ ಮಾಸ್ಟರಿಗೆ ತನ್ನ ಟವಲು ಹಾಸಿದ. ಮಾಸ್ಟರ್ ಕಾಲು ನೀಡಿ ಕೂತ.

ನಾವು ಒಂದು ಗೋಲಿನಿಂದ ಸೋತೆವು. ಚೆಂಡು ಮಾಸ್ಟರ್ ಯಾವಾಗಲೂ ನಿಲ್ಲುತ್ತಿದ್ದ ಜಾಗದಿಂದಲೇ ಹೋಯಿತು ಎಂದು ಬಸ್ಸಿನಲ್ಲಿ ಎಲ್ಲರೂ ಹೇಳಿದರು. ಅವನೊಬ್ಬ ಇದ್ದಿದ್ದರೆ ಎಂದರು. ಅವನ ಹೆಸರು ಎಂದಿಗಿಂತ ಒಂದು ಗೇಣು ಮೇಲೇರಿತು. ಮುಂದಾಳು ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ, ಶೇಂಗಾದ ಪೊಟ್ಟಣ ಅವನ ತನಕ ಹೋಗಲೇ ಇಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಮಾಸ್ಟರ್ ಆಟದ ಬಗ್ಗೆ ಗದ್ದೆಯಲ್ಲಿ ಅಂದದ್ದೆಲ್ಲ ಸುಳ್ಳು ತಾನೇ ಎಂದು ಮೆಲ್ಲಗೆ ಕೇಳಿದೆ.

"ಸುಳ್ಳು ಯಾಕಣ್ಣ? ಆಟ ಇರಾದ ಅಷ್ಟ. ಮೊಣಕಾಲು ಬ್ಯಾರೆ, ಆಟ ಬ್ಯಾರೆ."

ಅಷ್ಟು ಹೇಳಿ ಕಿಟಕಿಗೆ ತಲೆಕೊಟ್ಟು ಮಲಗಿದ.

ಅವತ್ತು ಸಂಜೆ ತಾತ ಮೊದಲ ಮಿರ್ಚಿಯನ್ನು ಆಡದವನಿಗೇ ಕೊಟ್ಟ. ಮಾಸ್ಟರ್ ಒಲ್ಲೆ ಅನ್ನದೆ ಇಸಿದುಕೊಂಡು ತಿಂದ. ಮುಂದಾಳು ವಾರಗಟ್ಟಲೆ ಬೆಂಚಿನ ಕಡೆ ಬರಲಿಲ್ಲ. ಆಮೇಲೆ ಬಂದ, ಬಂದವನು ಬಿಟ್ಟಲ್ಲಿಂದಲೇ ಶುರುಮಾಡಿದ. ಮಾಸ್ಟರ್ ಇದ್ದಿದ್ದರೂ ಆ ಗೋಲು ಆಗುತ್ತಿತ್ತು, ನಿಂತು ನೋಡುತ್ತಿದ್ದ ಅಂದ. ತಾತ ಕೋಲು ಕುಟ್ಟಿದ. ಮಾಸ್ಟರ್ ಸ್ವಲ್ಪ ಸರಿದು ಮುಂದಾಳಿಗೆ ತನ್ನ ಪಕ್ಕದಲ್ಲೇ ಜಾಗ ಮಾಡಿಕೊಟ್ಟ.

ನನಗೆ ಕೇಳಿ ಕೇಳಿ ಸಾಕಾಗಿದೆ. ಆದರೂ ಬೆಳಿಗ್ಗೆ ಯೂನಿಟ್ಟಿಗೆ ಹೋದಾಗ ಎದುರು ಟೇಬಲ್ಲಿನಲ್ಲಿ ಕಟಿಂಗ್ ಮಶೀನು ಶುರುವಾದ ಸದ್ದು ಕೇಳಿದ ಮೇಲೆಯೇ ನಾನು ಇಸ್ತ್ರಿ ಕೈಗೆ ತೆಗೆದುಕೊಳ್ಳುವುದು. ಸ್ಟೂಲಿನ ಮೇಲೆ ಮೊಣಕಾಲು ಇಟ್ಟು ಅವನು ನಿಂತಿರುತ್ತಾನೆ.