ಟಿ.ವಿ.ಯಲ್ಲಿ ತಿಳಿದದ್ದು, ರೇಡಿಯೋದಲ್ಲಿ ತಿಳಿಯದ್ದು

ನಮ್ಮ ಯಜಮಾನರನ್ನು ತಿಪಟೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿ, ಹೊರಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಗೋಡೆಯ ಟಿ.ವಿ.ಯಲ್ಲಿ ಇಂಗ್ಲಿಷ್ ವಾರ್ತೆ ಬರುತ್ತಿದೆ. ಆ ದನಿ ಕೇಳಿ ಹತ್ತನೇ ಕ್ಲಾಸು ನೆನಪಾಯಿತು.

ಆಗ ಇಂಗ್ಲಿಷಿನಲ್ಲಿ ಒಂದು ಸಲ ಫೇಲಾಗಿದ್ದೆ. "ಇನ್ನೊಂದ್ಸಲ ಡುಮ್ಕಿ ಹೊಡುದ್ರೆ ಸ್ಕೂಲು ಬುಟ್ಟು ಕೊಬ್ರಿ ಸುಲಿ ಕಣೇ," ಅಂದಿದ್ದರು ಅಪ್ಪ. ಮೇಷ್ಟ್ರು, ಬೆಳಿಗ್ಗೆ ರೇಡಿಯೋದ, ಸಂಜೆ ಟಿ.ವಿ.ಯ ಇಂಗ್ಲಿಷ್ ವಾರ್ತೆಯ ಮುಖ್ಯಾಂಶ ಬರೆದು ಹೋಲಿಸಿ ನೋಡು ಅಂದರು. ಟಿ.ವಿ. ಇದ್ದದ್ದು ಕೊಬ್ಬರಿ ಮಂಡಿಯವರ ಮನೆಯಲ್ಲಿ. ಅಲ್ಲಿ ನೆರೆ, ಬೆಂಕಿ, ಮಂತ್ರಿಗಳು ಎಲ್ಲ ಕಣ್ಣಿಗೇ ಕಾಣುತ್ತಿದ್ದರಿಂದ, ನನಗೆ ಇಂಗ್ಲಿಷ್ ಬಂತು ಅಂದುಕೊಂಡೆ. ಮನೆಯಲ್ಲಿ ರೇಡಿಯೋ ಹಾಕಿದರೆ ಒಂದು ಪದವೂ ಸಿಗುತ್ತಿರಲಿಲ್ಲ.

ಅವ್ವ ಬೈದಳು: "ಅಟ್ಟದ ಕಾಯಿ ಅಲ್ಲಾಡ್ಸಿ, ಒಳಗೆ ಕೊಬ್ರಿ ಒಣಗೈತೋ ಇಲ್ವೋ ಕಿವೀಲೇ ಹೇಳ್ತೀಯಲ್ಲೇ. ಇದ್ನೂ ಹಂಗೇ ಕೇಳು!"

ಕೇಳಿದೆ. ಶಿವನಿಗೆ ಹರಕೆ ಹೊತ್ತು, ಕಿವಿಯನ್ನು ರೇಡಿಯೋಗೇ ಅಂಟಿಸಿಕೊಂಡು ಕೇಳಿದೆ. ಮತ್ತೆ ಫೇಲಾದೆ. ಸ್ಕೂಲು ಅಲ್ಲಿಗೆ ಮುಗಿಯಿತು.

ಈಗಷ್ಟೇ ಇಬ್ಬರು ಡಾಕ್ಟರು ಹೊರಗೆ ಬಂದು, ಯಜಮಾನರ ಹೆಸರು ಹೇಳಿ, ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಹೋದರು. ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಶಿವನೇ, ಒಳ್ಳೆಯದೋ ಕೆಟ್ಟದ್ದೋ, ಅಷ್ಟಾದರೂ ತಿಳಿಸಪ್ಪಾ.